ಅಂಟು ಜೊಲ್ಲು, ಒಣ ನಾಲಿಗೆ ಮತ್ತು ಎರಡು ಲೋಟ ನೀರು

ನರ್ಸಿಂಗ್ ಮುಗಿಸಿ ಈಗಷ್ಟೇ ವಾರ್ಡಿಗೆ ಕಾಲಿಟ್ಟ ಹುಡುಗಿಯರು ಸಂಜೆ ಮನೆಗೆ ಹೋದಾಗ, ಇವತ್ತು ಏನು ಕೆಲಸ ಮಾಡಿದೆ ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಇಂಜೆಕ್ಷನ್ ಕೊಟ್ಟೆ, ಆಪರೇಷನ್ ಥಿಯೇಟರಿನಲ್ಲಿ ನಿಂತೆ ಎಂದರೆ ಎಲ್ಲರ ಮುಖವೂ ಅರಳುತ್ತದೆ. ಒಬ್ಬ ಮುದುಕರ ಬಾಯಿ ಒರೆಸಿದೆ ಎಂದರೆ, ‘ಊಟದ ಹೊತ್ತಲ್ಲಿ ಅದೆಂಥಾ ಮಾತೇ!’ ಎಂದು ಬೈಗುಳ ಬೀಳುತ್ತದೆ. ನಾನು ಕೆಲಸದಲ್ಲಿದ್ದಷ್ಟು ಕಾಲ ಹೆಚ್ಚಾಗಿ ಮಾಡಿದ್ದು ಈ ಬೈಗುಳದ ಕೆಲಸವನ್ನೇ. ಅದರ ಬಗ್ಗೆ ನನಗೆ ನಾಚಿಕೆಯೂ ಇಲ್ಲ, ಊಟವೂ ಎಂದೂ ಕೆಟ್ಟಿಲ್ಲ. ನಿವೃತ್ತಿಯಾದ ಮೇಲೆ ನನಗೆ ಹೊದಿಸಿದ ಶಾಲು ಯಾವ ಬಣ್ಣದ್ದು ಎಂಬುದು ಮರೆತುಹೋಗಿದೆ. ಆದರೆ ಒಣಗಿ ಕರಕಲಾಗಿದ್ದ ನಾಲಿಗೆಯೊಂದು ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನೋಡಿದ ಬೆಳಗು ಮರೆತಿಲ್ಲ. ಅದನ್ನು ನಿಮಗೆ ಹೇಳಬೇಕು.

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿದೆ. ಹಾಸಿಗೆಗಳು ಕಡಿಮೆ, ರೋಗಿಗಳು ಜಾಸ್ತಿ. ಹಾಗಾಗಿ ಪಾರ್ಶ್ವವಾಯು ಆದವರನ್ನು ಸ್ವಲ್ಪ ಸುಧಾರಿಸಿದೊಡನೆ ಮನೆಗೆ ಕಳಿಸಿ, ನಮ್ಮನ್ನು ಅವರ ಮನೆಗಳಿಗೇ ಅಟ್ಟುತ್ತಿದ್ದರು. ವಿಜಯನಗರದ ಕಡೆ ಆಗಿನ್ನೂ ನಾಲ್ಕು ಮನೆ, ಅದರಾಚೆ ಮುಳ್ಳುಗಿಡ, ಮತ್ತೆ ಎರಡು ಮನೆ. ಬಸ್ಸಿಳಿದು, ಸೆರಗಿನಿಂದ ಬೆವರು ಒರೆಸಿಕೊಂಡು, ನಾಯಿಗಳಿಗೆ ಹೆದರಿಕೊಂಡು ವಿಳಾಸ ಹುಡುಕಬೇಕಿತ್ತು.

ನನ್ನ ಮೇಲಿನವರು ಗ್ರೇಸಮ್ಮ ಸಿಸ್ಟರ್. ಚಾಮರಾಜನಗರದ ಕಡೆಯವರು. ಗಿಡ್ಡ ಆಳು, ಗಂಜಿ ಹಾಕಿದ ಬಿಳಿ ಸೀರೆ, ಮೂಗಿನ ತುದಿಯಲ್ಲೇ ಕೋಪ. ಅವರ ಪಾಠ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಮೊದಲ ದಿನವೇ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಮೂಗಿನ ಹೊಳ್ಳೆಗಳಿಗೆ ಹತ್ತಿ ತುರುಕಿದರು.

“ಬಾಯಲ್ಲೇ ಉಸಿರಾಡ್ತಾ ಕೂತಿರು. ನಾನು ರೌಂಡ್ಸ್ ಮುಗಿಸ್ಕೊಂಡು ಬರ್ತೀನಿ. ಉಗುಳು ನುಂಗಬೇಡ,” ಎಂದು ಹೇಳಿ ಹೊರಟೇಹೋದರು.

ಬರುವಷ್ಟರಲ್ಲಿ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅವರು ಡಬ್ಬಿಯಿಂದ ಒಂದು ಚಮಚ ಹುರಿಗಡಲೆ ಹಿಟ್ಟು ತೆಗೆದು ನನ್ನ ಬಾಯಿಗೆ ಹಾಕಿದರು. “ಈಗ ನಿನ್ನ ಹೆಸರು ಹೇಳು.”

ಸುಶೀಲ ಎನ್ನಲು ಹೋದೆ. ‘ಸು’ ಎನ್ನುವಷ್ಟರಲ್ಲಿ ಹಿಟ್ಟು ಗಂಟಲಿಗೆ ಹಾರಿ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆಯಾಗಳು ನಕ್ಕರು. ಸಿಸ್ಟರ್ ನಗಲಿಲ್ಲ.

“ನುಂಗೋಕೆ ಕಷ್ಟ ಆದವ್ರಿಗೆ ಬೆಳಿಗ್ಗೆಯಿಂದ ಸಂಜೆತನಕ ಹಿಂಗೇ ಕಣೇ. ನಿಂಗೆ ಈಗ ಒಂದು ಲೋಟ ನೀರು ಕೊಡ್ತೀನಿ, ಸರಿಹೋಗ್ತೀಯ. ಅವ್ರಿಗೆ ಅದೇ ಲೋಟ ಕೊಟ್ರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತೆ, ಆಮೇಲೆ ನ್ಯುಮೋನಿಯ. ಬಾಯಿ ಒಣಗಬಾರದು, ನೀರೂ ಒಳಗೆ ಜಾರಬಾರದು. ಅದೇ ನಮ್ಮ ಕೆಲಸ.”

ಇಡೀ ವಿದ್ಯೆ ಆ ಮಾತಿನಲ್ಲೇ ಇತ್ತು. ಮುಂದೆ ನಾನು ಕಲಿತದ್ದೆಲ್ಲ ಅದರ ವಿವರ.

ಆ ಕಾಲದಲ್ಲಿ ಬಾಯಿ ಒಣಗಿದವರಿಗೆಲ್ಲ ಬೋರೋಗ್ಲಿಸರಿನ್ ಬಳಿಯುವುದು ನಮ್ಮ ರಿವಾಜು. ಸಿಹಿಯಾದ, ಮಂದವಾದ ಔಷಧಿ ಅದು. ಹತ್ತಿಯಲ್ಲಿ ಅದ್ದಿ ನಾಲಿಗೆಗೆ ಹಚ್ಚಿದರೆ ಬಾಯಿ ಪಳಪಳ ಹೊಳೆಯುತ್ತಿತ್ತು. ನೋಡಲು ಬಂದ ನೆಂಟರು, ‘ಎಷ್ಟು ಚೆನ್ನಾಗಿ ನೋಡ್ಕೋತಾರಪ್ಪ!’ ಎಂದು ಹೊಗಳಿ ಕಿತ್ತಲೆಹಣ್ಣು ಇಟ್ಟು ಹೋಗುತ್ತಿದ್ದರು. ಎರಡು ಗಂಟೆ ಕಳೆದು ನೋಡಿದರೆ ಅದೇ ನಾಲಿಗೆ ಮೊದಲಿಗಿಂತ ಒರಟು. ನಾವು ಮತ್ತೆ ಬಳಿಯುತ್ತಿದ್ದೆವು. ಗ್ಲಿಸರಿನ್ ಇದ್ದಬದ್ದ ಪಸೆಯನ್ನೂ ಎಳೆದುಕೊಳ್ಳುತ್ತದೆ ಎಂದು ಒಂದು ದಿನ ಸಿಸ್ಟರಿಗೆ ಅನುಮಾನ ಬಂದು, ಒಬ್ಬರ ಬಾಯಿಗೆ ಔಷಧಿ, ಪಕ್ಕದ ಮಂಚದವರಿಗೆ ಬರೀ ಉಗುರುಬೆಚ್ಚನೆಯ ನೀರು ಎಂದು ಮಾಡಿ ನೋಡಿದರು. ನೀರಿನವರೇ ಗೆದ್ದರು. ಬಾಟಲಿಗಳು ಕಪಾಟಿನ ಹಿಂದಕ್ಕೆ ಸರಿದವು. ನಮ್ಮ ನರಹರಿ ಡಾಕ್ಟರು ಅದನ್ನು ಕಂಡು, “ಸಿಸ್ಟರ್, ನೀವು ಔಷಧಿ ಕಂಪನಿಯವರ ಹೊಟ್ಟೆ ಮೇಲೆ ಹೊಡೀತಾ ಇದೀರಿ,” ಎಂದು ನಕ್ಕು, ಅಂದಿನಿಂದ ತಮ್ಮ ಚೀಟಿಯಲ್ಲೂ ಅದನ್ನು ಬರೆಯುವುದನ್ನು ಬಿಟ್ಟರು. ಕೆಳಗಿನವರ ಮಾತು ಕೇಳಿ ತಮ್ಮ ಕೈ ತಿದ್ದಿಕೊಳ್ಳುವ ಡಾಕ್ಟರು ಸಿಗುವುದು ಪುಣ್ಯ. ನನಗೆ ಆ ಪುಣ್ಯ ಶುರುವಿನಲ್ಲೇ ಸಿಕ್ಕಿತು.

ಗ್ಲಿಸರಿನ್ ಬದಲಿಗೆ ಬಂದದ್ದು ಅಡಿಗೆಮನೆಯ ಸಾಮಾನು. ಒಂದು ಲೋಟ ಬೆಚ್ಚನೆಯ ನೀರು, ಚಿಟಿಕೆ ಉಪ್ಪು, ಚಿಟಿಕೆ ಅಡಿಗೆ ಸೋಡಾ. ಹಳೆಯ ಪಂಚೆಯ ಮೆತ್ತನೆಯ ತುಂಡನ್ನು ಕುದಿಸಿ ಒಣಗಿಸಿಟ್ಟು, ಬೆರಳಿಗೆ ಸುತ್ತಿ, ಆ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಬೇಕು. ಹಿಂಡದಿದ್ದರೆ ಗ್ರೇಸಮ್ಮ ನಿಮ್ಮ ಬೆರಳನ್ನೇ ಹಿಂಡುತ್ತಿದ್ದರು. ರೋಗಿಯನ್ನು ಒಂದು ಮಗ್ಗುಲಿಗೆ ತಿರುಗಿಸಿ, ಕೆನ್ನೆಯ ಕೆಳಗೆ ಟವೆಲ್ಲು ಇಟ್ಟು, ಒಳಗೆ ಉಳಿದದ್ದು ಹೊರಗೇ ಹರಿಯುವಂತೆ ಮಲಗಿಸಬೇಕು. ಮೊದಲು ಕೆನ್ನೆಯ ಸಂದು, ಆಮೇಲೆ ವಸಡು, ಆಮೇಲೆ ಅಂಗುಳ, ಕೊನೆಗೆ ನಾಲಿಗೆ. ಅಂಟಿಕೊಂಡ ಹಕ್ಕಳೆಯನ್ನು ಕೆರೆಯಬಾರದು. ನೆನೆಸಿ ಕಾಯಬೇಕು, ಅದೇ ಬಿಟ್ಟುಕೊಳ್ಳುತ್ತದೆ. ತುಟಿಗೆ ತುಪ್ಪವೋ ಕೊಬ್ಬರಿ ಎಣ್ಣೆಯೋ ತೆಳ್ಳಗೆ ಸವರಿದರೆ ಮುಗಿಯಿತು.

ಆದರೆ ಬಾಯಿಯ ಸುತ್ತ ಒಬ್ಬ ಮನುಷ್ಯ ಇರುತ್ತಾನಲ್ಲ, ಅಲ್ಲಿ ಕಷ್ಟ. ಮಾರೇನಹಳ್ಳಿಯಲ್ಲಿ ಒಬ್ಬ ನಿವೃತ್ತ ಹೆಡ್ಮಾಸ್ತರರಿದ್ದರು. ಬಾಯಿಯಲ್ಲಿ ಗೋಂದಿನಂಥ ಜೊಲ್ಲು ತುಂಬಿಕೊಂಡಿದ್ದರೂ ಉಗುಳಲು ಒಪ್ಪುತ್ತಿರಲಿಲ್ಲ. ನುಂಗಲೂ ಆಗದು, ಉಗುಳಲೂ ಆಗದು, ಬಿಸಿ ತುಪ್ಪವೇ ಸರಿ. ಕೇಳಿದರೆ ತೊದಲುತ್ತಾ, “ಸೊಸೆ ಓಡಾಡ್ತಾಳೆ... ಸರ್ವೀಸೆಲ್ಲಾ ಹುಡುಗರಿಗೆ... ಉಗೀಬೇಡ್ರೋ ಅಂದೋನು ನಾನು,” ಎಂದರು. ಗ್ರೇಸಮ್ಮ ವಾದ ಮಾಡಲಿಲ್ಲ. ಅವರ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, ಕೈಗೆ ಮುಚ್ಚಳದ ಹಿತ್ತಾಳೆ ಪೀಕದಾನಿಯನ್ನೂ ಮಡಿಲಿಗೆ ದಿನಪತ್ರಿಕೆಯನ್ನೂ ಕೊಟ್ಟರು. ಪತ್ರಿಕೆ ಎತ್ತಿದರೆಂದರೆ ಮೇಷ್ಟರು ‘ಓದುತ್ತಿದ್ದಾರೆ’ ಎಂದು ಮನೆಯವರು ಆ ಕಡೆ ಬರುತ್ತಿರಲಿಲ್ಲ. ಅಷ್ಟು ಶ್ರದ್ಧೆಯಿಂದ ಪತ್ರಿಕೆ ಓದಿದವರನ್ನು ನಾನು ಬೇರೆ ಕಂಡಿಲ್ಲ.

ಈಗ ಚನ್ನಬಸಪ್ಪನವರ ವಿಷಯಕ್ಕೆ ಬರುತ್ತೇನೆ. ಹಾವೇರಿ ಕಡೆಯ ಲಿಂಗವಂತರು. ಜವಳಿ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದು ರಾಜಾಜಿನಗರದಲ್ಲಿ ಮನೆ ಕಟ್ಟಿಸಿದ್ದರು. ಅಂಗಡಿಯಲ್ಲಿ ಅವರು ಸೀರೆ ಬಿಚ್ಚಿ ತೋರಿಸುತ್ತಾ ಆಡುವ ಮಾತು ಕೇಳಲಿಕ್ಕೆಂದೇ ಜನ ಹೋಗುತ್ತಿದ್ದರಂತೆ. ಅಂಥವರಿಗೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಬಿದ್ದುಹೋಯಿತು. ನುಂಗುವುದು ಕಷ್ಟವಾಯಿತು. ಮಾತು ಬಾಯೊಳಗೇ ಮುದ್ದೆಯಾಯಿತು. ನಮ್ಮಲ್ಲಿದ್ದಾಗ ಹೇಗೋ ಸುಧಾರಿಸಿ ಮನೆಗೆ ಹೋದವರು, ಮನೆಯಲ್ಲಿ ದಿನದಿಂದ ದಿನಕ್ಕೆ ಇಳಿಯತೊಡಗಿದರು.

ನಾನೂ ಸಿಸ್ಟರೂ ಹೋದಾಗ ಅವರ ಬಾಯಿ ನೋಡಿ ನನಗೆ ಅಳು ಬಂತು. ತುಟಿ ಬಿರಿದಿತ್ತು. ಅಂಗುಳದ ತುಂಬ ಕಂದು ಹಕ್ಕಳೆ. ಬಾಯಿ ತೆರೆದರೆ ಮೇಲಿಂದ ಕೆಳಕ್ಕೆ ಹಗ್ಗದಂತೆ ಅಂಟು ಜೊಲ್ಲು. ಅದೇ ಗಂಟಲಿಗೆ ಸಿಕ್ಕಿ ಉಸಿರು ಕಟ್ಟುತ್ತಿತ್ತು. ನಮ್ಮ ಜೊತೆ ಬಂದಿದ್ದ ನರಹರಿ ಡಾಕ್ಟರು ಪರೀಕ್ಷಿಸಿ, ಸೋಮವಾರದವರೆಗೆ ನೋಡೋಣ, ಆಮೇಲೂ ನುಂಗದಿದ್ದರೆ ಊಟಕ್ಕೆಂದು ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಲೇಬೇಕು ಎಂದರು. ಆ ಮಾತು ಕೇಳಿದೊಡನೆ ಚನ್ನಬಸಪ್ಪನವರು ಬಲಗೈಯಿಂದ ಮೂಗು ಮುಚ್ಚಿಕೊಂಡು ತಲೆ ಅಲ್ಲಾಡಿಸಿದರು. ನಳಿಗೆ ಹಾಕಿಸಿಕೊಳ್ಳುವುದಕ್ಕಿಂತ ಹೋಗುವುದೇ ಮೇಲು ಎಂಬುದು ಆ ಕಣ್ಣುಗಳಲ್ಲಿ ಸ್ಪಷ್ಟವಾಗಿತ್ತು.

ಡಾಕ್ಟರು ಮಾತ್ರೆಗಳ ಪೊಟ್ಟಣ ತರಿಸಿ ಒಂದೊಂದಾಗಿ ನೋಡಿದರು. ಒಂದನ್ನು ಕೈಯಲ್ಲೇ ಹಿಡಿದು ನಿಂತರು. ಬಾಯಿಂದ ಜೊಲ್ಲು ಸುರಿಯುತ್ತದೆಂದು ಅದನ್ನು ತಡೆಯಲು ಅವರೇ ಬರೆದುಕೊಟ್ಟಿದ್ದ ಮಾತ್ರೆ ಅದು. ಆಗ ಎಲ್ಲ ಡಾಕ್ಟರೂ ಬರೆಯುತ್ತಿದ್ದರು.

“ಸಿಸ್ಟರ್, ಹರೀತಿದ್ದ ನೀರನ್ನ ನಿಲ್ಲಿಸೋಕೆ ಹೋಗಿ ಕೆಸರು ಮಾಡಿಬಿಟ್ಟಿದೀನಿ,” ಎಂದು ಎಲ್ಲರೆದುರಿಗೇ ಹೇಳಿ ಆ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರು. ಮಾತ್ರೆ ನಿಂತಿತು. ಅರ್ಧ ಗಂಟು ಬಿಚ್ಚಿತು. ಇನ್ನರ್ಧ ಎಲ್ಲಿದೆ ಎಂದು ತಿಳಿಯಲು ಮರುದಿನದವರೆಗೆ ಕಾಯಬೇಕಾಯಿತು.

ಮರುದಿನ ನಾವು ಬೆಳಿಗ್ಗೆ ಬೇಗ ಹೋದೆವು. ಸಿಸ್ಟರ್ ಬಟ್ಟೆ ಹಿಂಡಿ ಹತ್ತಿರ ಹೋದರೆ ಯಜಮಾನರು ಹಲ್ಲು ಕಚ್ಚಿ ಮುಖ ತಿರುಗಿಸಿದರು. ಹೆಂಡತಿ ನೀಲವ್ವನವರು ಕೈ ಅಡ್ಡ ಹಿಡಿದರು.

“ಬ್ಯಾಡ್ರಿ ಸಿಸ್ಟರ್. ಪೂಜಿ ಆಗಿಲ್ಲ. ಲಿಂಗಪೂಜಿ ಆಗೋತನಕ ಅವರು ಹನಿ ನೀರ ಮುಟ್ಟಂಗಿಲ್ರಿ. ಹುಟ್ಟಿದಾಗಿಂದ ಹಂಗ ನಡಕೊಂಡ ಬಂದಾರ.”

“ಪೂಜೆ ಯಾವಾಗ ಆಗುತ್ತಮ್ಮ?”

“ಮೊದಲಾದ್ರ ಸೂರ್ಯ ಹುಟ್ಟೂದ್ರೊಳಗ ಮುಗಿಸ್ತಿದ್ರು. ಈಗ ಎಡಗೈ ಏಳಂಗಿಲ್ಲಲ್ರಿ. ಮಠದ ಅಯ್ಯಾರು ಬಂದು ಮಾಡಸ್ತಾರ. ಅವರಿಗೂ ನಾಲ್ಕ ಮನಿ ಇರತಾವ. ಬರೂದ್ರಾಗ ಮಧ್ಯಾಹ್ನ ಆಗತೈತಿ.”

ತಿಳಿಯದವರಿಗೆ ಹೇಳುತ್ತೇನೆ. ಅವರಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡು ಪೂಜಿಸುತ್ತಾರೆ. ಲಿಂಗಕ್ಕೆ ಎರೆದ ನೀರು ಪಾದೋದಕ. ಅದನ್ನು ಸ್ವೀಕರಿಸಿದ ಮೇಲೆಯೇ ಬೇರೆ ನೀರು, ಬೇರೆ ಊಟ. ಯಾವ ಅಂಗೈ ಬೇಕೋ ಅದೇ ಅಂಗೈ ಬಿದ್ದುಹೋಗಿತ್ತು. ರಾತ್ರಿಯೆಲ್ಲ ತೆರೆದ ಬಾಯಲ್ಲಿ ಉಸಿರಾಡಿ ಒಣಗಿದ ನಾಲಿಗೆ ಮಧ್ಯಾಹ್ನದವರೆಗೂ ಹಾಗೇ ಕಾಯುತ್ತಿತ್ತು. ಅಯ್ಯನವರು ಬಂದ ಮೇಲೆ ಮಲಗಿದಲ್ಲೇ ಚಮಚದಲ್ಲಿ ಪಾದೋದಕ ಹಾಕಿದರೆ ಅದು ಅಂಟಿನ ನಡುವೆ ದಾರಿ ತಪ್ಪಿ ಕೆಮ್ಮು ಹತ್ತುತ್ತಿತ್ತು. ಕೆಮ್ಮಿದವರಿಗೆ ಆಮೇಲೆ ಊಟವೂ ಬೇಡ.

ನಾನಾಗಿದ್ದರೆ, ಕಾಯಿಲೆಯವರಿಗೆ ಎಂಥಾ ನೇಮ ಬಿಡಿ ಎಂದು ಉಪದೇಶ ಶುರು ಮಾಡುತ್ತಿದ್ದೆ. ಗ್ರೇಸಮ್ಮ ಸಿಸ್ಟರ್ ಬಟ್ಟೆಯನ್ನು ಬಟ್ಟಲಿಗೆ ಹಾಕಿ, ಸೆರಗು ಸರಿಮಾಡಿಕೊಂಡು, ನೆಲದ ಮೇಲೆ ಕೂತರು. ಅವರು ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ದೇವರ ಎದುರು ಉಪವಾಸ ಇರುವುದು ಏನೆಂದು ಅವರಿಗೆ ಗೊತ್ತಿತ್ತು.

“ಅಮ್ಮಾ, ಯಜಮಾನ್ರು ಚೆನ್ನಾಗಿದ್ದಾಗ ಪೂಜೆಗೆ ಮುಂಚೆ ಹಲ್ಲುಜ್ಜುತಾ ಇರಲಿಲ್ವಾ?”

“ಉಜ್ಜತಿದ್ರಿ! ಬಾಯಿ ತೊಳೀದ ಲಿಂಗ ಮುಟ್ಟತಾರೇನ್ರಿ?”

“ಮತ್ತೆ ಈಗ ಯಾಕೆ ಬಿಟ್ರಿ?”

ನೀಲವ್ವ ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡರು. ದನಿ ಬಹಳ ಒರಟಾಗಿತ್ತು. ಅತ್ತು ಅತ್ತು ಹಾಗಾಗಿದೆ ಎಂದುಕೊಂಡೆ. “ಈಗ ಮುಕ್ಕಳಸಾಕ ಬರಂಗಿಲ್ಲಲ್ರಿ. ಹನಿ ಒಳಗ ಹೋತಂದ್ರ ನೇಮ ಮುರೀತೈತಿ ಅಂತ...”

ಒಂದು ಹನಿ ಒಳಗೆ ಹೋದೀತೆಂಬ ಹೆದರಿಕೆಗೆ ಬಾಯಿ ತೊಳೆಯುವುದನ್ನೇ ನಿಲ್ಲಿಸಿದ್ದರು! ಪ್ರೀತಿ ಕಡಿಮೆಯಾಗಿ ಆದ ತಪ್ಪಲ್ಲ ಅದು, ಜಾಸ್ತಿಯಾಗಿ ಆದದ್ದು. ಸಿಸ್ಟರ್ ಬಟ್ಟೆಯನ್ನು ಎತ್ತಿ ಅವರೆದುರೇ ಹಿಂಡಿ ತೋರಿಸಿದರು. ಒಂದು ತೊಟ್ಟೂ ಬೀಳಲಿಲ್ಲ. “ಮಗ್ಗುಲಿಗೆ ಮಲಗಿಸಿ ಒರೆಸ್ತೀನಿ. ಬಂದದ್ದೆಲ್ಲ ಹೊರಗೇ ಬರುತ್ತೆ. ಒಂದು ಹನಿ ನುಂಗಿದ್ರೆ ನಾಳೆಯಿಂದ ನಾನು ಬರೋದಿಲ್ಲ. ಯಜಮಾನ್ರೇ, ಒಪ್ಪಿಗೇನಾ?”

ಚನ್ನಬಸಪ್ಪನವರು ಆಕೆಯನ್ನೇ ನೋಡಿದರು. ಆಮೇಲೆ ಮೆಲ್ಲಗೆ ಬಾಯಿ ತೆರೆದರು. ಸಿಸ್ಟರ್ ಆ ಹಕ್ಕಳೆಯನ್ನು ನೆನೆಸಿ, ಕಾದು, ಮತ್ತೆ ನೆನೆಸಿ, ಕೂಸಿನ ಬಾಯಿ ಒರೆಸುವ ಹಾಗೆ ಒರೆಸಿದರು. ಹಗ್ಗದಂತಿದ್ದ ಅಂಟು ಬಟ್ಟೆಗೆ ಸುತ್ತಿಕೊಂಡು ಬಂತು. ಆ ಕೈಯ ಸಹನೆಯನ್ನು ಇವತ್ತಿಗೂ ನೆನೆದರೆ ಕೈ ಮುಗಿಯುವ ಹಾಗಾಗುತ್ತದೆ.

ಬಾಯಿ ಶುದ್ಧವಾಯಿತು. ಆದರೆ ಮಧ್ಯಾಹ್ನದವರೆಗೆ ಮತ್ತೆ ಒಣಗುತ್ತದಲ್ಲ? ಅಂದು ಅಯ್ಯನವರು ಬರುವವರೆಗೂ ನಾವು ಅಲ್ಲೇ ಕೂತೆವು. ಬಂದರು, ಬಹಳ ವಯಸ್ಸಾದವರು, ಬಿಸಿಲಿಗೆ ಬೆಂದು ಬಂದಿದ್ದರು. ಸಿಸ್ಟರ್ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಯ್ಯನವರು ಉತ್ತರ ಕೊಡುವ ಮೊದಲೇ, ಇಷ್ಟು ಹೊತ್ತು ಗೋಡೆಗೆ ಒರಗಿದ್ದ ನೀಲವ್ವ ಮುಂದೆ ಬಂದರು.

“ಅಯ್ಯಾರ, ನನ್ನ ಕೈ ಅವರ ಕೈ ಕೆಳಗ ಇಟ್ಟ ಎತ್ತಿ ಹಿಡದ್ರ ನಡೀತೈತೇನ್ರಿ? ಲಿಂಗ ಅವರ ಅಂಗೈಯಾಗ ಇರತೈತಿ. ನಾ ಬರೇ ಕೆಳಗ ಇರತೀನಿ.”

ಅಯ್ಯನವರು ಗಂಡನನ್ನೂ ಹೆಂಡತಿಯನ್ನೂ ನೋಡಿ ನಕ್ಕರು.

“ಲಗ್ನದಾಗ ಆ ಕೈ ಹಿಡಿ ಅಂತ ನಾವ ಹೇಳಿದ್ದಲ್ಲೇನವ್ವಾ? ಹಿಡಿ. ದಿನಾ ಹೊತ್ತ ಹುಟ್ಟೂದ್ರಾಗ ಮಾಡ್ರಿ, ನನ್ನ ದಾರಿ ಕಾಯಬ್ಯಾಡ್ರಿ. ಮತ್ತ ಪಾದೋದಕ ಚಮಚದಾಗ ಹಾಕೂದ ಬಿಡ್ರಿ. ಅವರೇ ಬಲಗೈ ಬೆರಳ ಅದ್ದಿ ನಾಲಿಗಿಗೆ ಮುಟ್ಟಿಸಿಕೊಳ್ಳಲಿ. ಹನಿಯಾದ್ರೂ ಪಾದೋದಕ, ಹಂಡೆಯಾದ್ರೂ ಪಾದೋದಕ.”

ಒದ್ದೆ ಬೆರಳು ನಾಲಿಗೆಗೆ! ನಾವು ಬೆಳಿಗ್ಗೆಯಿಂದ ಮಾಡಲು ಹೆಣಗುತ್ತಿದ್ದುದು ಅದನ್ನೇ ಅಲ್ಲವೇ. ಸಿಸ್ಟರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅವರಿಗೆ ಸಂತೋಷವಾದರೆ ಅಷ್ಟೇ ಮಾಡುತ್ತಿದ್ದುದು.

ಮುಂದಿನ ದಿನಗಳಲ್ಲಿ ಆ ಮನೆಯ ಬೆಳಗು ಬದಲಾಯಿತು. ನಸುಕಿನಲ್ಲೇ ಬಾಯಿ ಒರೆಸುವುದು, ದಿಂಬುಗಳನ್ನು ಒತ್ತುಕೊಟ್ಟು ನೆಟ್ಟಗೆ ಕೂರಿಸುವುದು, ಪೂಜೆ, ಒದ್ದೆ ಬೆರಳು. ಆಮೇಲೆ ದಿನವಿಡೀ ಆಗಾಗ ಹಿಂಡಿದ ಬಟ್ಟೆ. ಕಿಟಕಿಯ ಬಳಿ ನೀರು ತುಂಬಿದ ಅಗಲ ಪಾತ್ರೆ ಇಟ್ಟು, ಮೇಲೆ ಒದ್ದೆ ಪಂಚೆ ತೂಗುಹಾಕಿದೆವು, ಕೋಣೆಯ ಗಾಳಿ ಒಣಗದಿರಲೆಂದು. ಮಾತ್ರೆಯ ಪ್ರಭಾವವೂ ಇಳಿಯಿತು. ಹಗ್ಗದಂತಿದ್ದ ಜೊಲ್ಲು ನೂಲಾಯಿತು, ಆಮೇಲೆ ನೀರಾಯಿತು. ಆದರೂ ಊಟ ನುಂಗಿಯಾರು ಎಂಬ ಧೈರ್ಯ ನಮಗಿರಲಿಲ್ಲ. ಸೋಮವಾರ ಹತ್ತಿರ ಬರುತ್ತಿತ್ತು.

ಬಂತು. ನರಹರಿ ಡಾಕ್ಟರು ಹೇಳಿದಂತೆ ಬೆಳಿಗ್ಗೆಯೇ ಬಂದರು. ಬ್ಯಾಗಿನೊಳಗೆ ನಳಿಗೆ ಇತ್ತು, ನಾನೇ ನೋಡಿದ್ದೆ. ಒಳಗೆ ಪೂಜೆ ನಡೆಯುತ್ತಿತ್ತು. ಡಾಕ್ಟರು ಚಪ್ಪಲಿ ಬಿಟ್ಟು, ಚನ್ನಬಸಪ್ಪನವರ ಮಗನ ಪಕ್ಕದಲ್ಲಿ ಬಾಗಿಲಲ್ಲೇ ನಿಂತರು. ವಿಭೂತಿ ಹಚ್ಚಿದ ಹಣೆ, ಮುಚ್ಚಿದ ಕಣ್ಣು, ಹಾಸಿಗೆಯ ಅಂಚಿನಲ್ಲಿ ಮಂಡಿಯೂರಿದ ನೀಲವ್ವ. ಮೇಲೆ ಒಂದು ಸೋತ ಅಂಗೈ, ಕೆಳಗೆ ಒಂದು ಗಟ್ಟಿ ಅಂಗೈ. ಕೈ ನೋಯುತ್ತಿತ್ತೇನೋ, ಆಕೆಯ ತೋಳು ನಡುಗುತ್ತಿತ್ತು. ಅಂಗೈ ಮಾತ್ರ ಅಲುಗಲಿಲ್ಲ.

ಪಾದೋದಕವಾದ ಮೇಲೆ ಸಿಸ್ಟರ್ ಮಂದವಾಗಿ ಕಾಯಿಸಿದ ಜೋಳದ ಅಂಬಲಿಯ ಬಟ್ಟಲು ಹಿಡಿದು ಕೂತರು. ಅರ್ಧ ಚಮಚ. ಗದ್ದ ಎದೆಯ ಕಡೆ ಬಾಗಿಸಿ, ಎರಡು ಬೆರಳನ್ನು ಅವರ ಗಂಟಲ ಗಂಟಿನ ಮೇಲೆ ಇಟ್ಟರು. “ನುಂಗಿ ಯಜಮಾನ್ರೇ. ಅವಸರ ಇಲ್ಲ.”

ಗಂಟಲ ಗಂಟು ಅಲ್ಲೇ ನಿಂತಿತ್ತು. ಡಾಕ್ಟರ ಕೈ ಬ್ಯಾಗಿನ ಮೇಲಿತ್ತು. ಆಮೇಲೆ ಸಿಸ್ಟರಿನ ಬೆರಳುಗಳ ಕೆಳಗೆ ಆ ಗಂಟು ಮೇಲೆ ಹೋಗಿ ಕೆಳಗಿಳಿಯಿತು. ಕೆಮ್ಮು ಬರಲಿಲ್ಲ. “ಇನ್ನೊಂದು ಸಲ ಬರೀ ಬಾಯಲ್ಲಿ ನುಂಗಿ. ಈಗ ‘ಆ’ ಅನ್ನಿ.” ಅವರು ಆ ಎಂದರು. ಕರಕಲಾಗಿದ್ದ ನಾಲಿಗೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ದನಿಯಲ್ಲಿ ಗೊರಗೊರ ಇರಲಿಲ್ಲ. ಮತ್ತೆ ಅರ್ಧ ಚಮಚ, ಮತ್ತೆ ಅರ್ಧ ಚಮಚ. ಡಾಕ್ಟರು ಬ್ಯಾಗನ್ನು ಕುರ್ಚಿಯ ಕೆಳಗೆ ತಳ್ಳಿದರು. “ಏನಾದ್ರೂ ಮಾತಾಡ್ತೀರಾ ಸಾಹುಕಾರ್ರೇ?” ಎಂದರು.

ಚನ್ನಬಸಪ್ಪನವರು ಡಾಕ್ಟರ ಕಡೆ ನೋಡಲಿಲ್ಲ. ಸಿಸ್ಟರ ಕಡೆಯೂ ನೋಡಲಿಲ್ಲ. ತಲೆ ತಿರುಗಿಸಿ, ಇನ್ನೂ ಮಂಡಿಯೂರಿ ಕೂತಿದ್ದ ಹೆಂಡತಿಯನ್ನು ನೋಡಿ, ಕಾಯಿಲೆ ಬಿದ್ದ ಮೇಲೆ ಮೊದಲ ಬಾರಿಗೆ ಬಿಡಿಬಿಡಿಯಾಗಿ, ಎಲ್ಲರಿಗೂ ತಿಳಿಯುವಂತೆ ಹೇಳಿದರು.

“ಇನ್ನ... ನೀ... ನೀರ ಕುಡಿ.”

ನಮಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿದ್ದ ಮಗ ತಲೆ ತಗ್ಗಿಸಿದ. “ಅವ್ವ, ಅಪ್ಪ ಕುಡೀದ ತಾನೂ ಕುಡಿಯಂಗಿಲ್ರಿ, ಅವರು ಉಣ್ಣದ ಉಣ್ಣಂಗಿಲ್ಲ. ಲಗ್ನ ಆದಾಗಿಂದ ಹಂಗ. ಇಷ್ಟ ದಿನ ಅಪ್ಪನ ಗಂಟಲದಾಗ ಏನ ಇಳೀತೋ, ಅಕಿ ಗಂಟಲದಾಗೂ ಅಷ್ಟ.”

ಆಗ ನೀಲವ್ವನವರ ಮುಖವನ್ನು ನಾವು ಸರಿಯಾಗಿ ನೋಡಿದೆವು. ಬಿರಿದ ತುಟಿ. ಬಾಯಿಯ ಎರಡು ಮೂಲೆಯಲ್ಲೂ ಬಿಳಿಯ ಅಂಟು. ಆ ಒರಟು ದನಿ, ಆಗಾಗ ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಿದ್ದುದು. ಒಂದು ಬಾಯಿಯನ್ನು ಟಾರ್ಚು ಹಾಕಿ ನೋಡುತ್ತಿದ್ದ ಮೂವರಿಗೂ ಪಕ್ಕದ ಬಾಯಿ ಕಂಡಿರಲಿಲ್ಲ. ಮಾತೇ ಆಡಲಾಗದೆ ಮಲಗಿದ್ದವರಿಗೆ ಕಂಡಿತ್ತು. ಹೇಳಲು ನಾಲಿಗೆ ಇರಲಿಲ್ಲ, ಅಷ್ಟೇ.

ಗ್ರೇಸಮ್ಮ ಸಿಸ್ಟರ್ ಬಟ್ಟಲು ಕೆಳಗಿಟ್ಟು ಎದ್ದು ಅಡಿಗೆಮನೆಗೆ ಹೋದರು. ತಾವೇ ಒಂದು ಲೋಟ ನೀರು ತಂದು ನೀಲವ್ವನವರ ಕೈಗೆ ಕೊಟ್ಟರು. ಇಷ್ಟು ಹೊತ್ತು ಅಲುಗದಿದ್ದ ಆ ಅಂಗೈ ಈಗ ಲೋಟವನ್ನು ಹಿಡಿಯಲಾರದೆ ನಡುಗಿತು. ಸಿಸ್ಟರ್ ತಮ್ಮ ಕೈಯನ್ನು ಅದರ ಕೆಳಗೆ ಕೊಟ್ಟರು.

ಚನ್ನಬಸಪ್ಪನವರಿಗೆ ನಳಿಗೆ ಬೇಕಾಗಲಿಲ್ಲ. ಅಲ್ಲಿಂದ ಮುಂದೆ, ಗ್ರೇಸಮ್ಮನವರು ಕೆಲಸ ಬಿಟ್ಟ ಮೇಲೂ, ನಾನು ಯಾರ ಮನೆಗೆ ಹೋದರೂ ಮೊದಲು ಎರಡು ಲೋಟ ನೀರು ಕೇಳುತ್ತಿದ್ದೆ. ಒಂದು ಬಟ್ಟೆ ಅದ್ದಲು. ಇನ್ನೊಂದು ಯಾರಿಗೆ ಎಂದು ಆ ಮನೆಯ ಹೆಂಗಸು ಕೇಳುತ್ತಿದ್ದಳು. ಕೂತ್ಕೊಳಮ್ಮ, ಮೊದಲು ನೀನು ಕುಡಿ ಎನ್ನುತ್ತಿದ್ದೆ.